ರೋಮಿನ ನೀರ ರುಚಿ

ರೋಮ್ ನನಗೆ ಮೊದಲು ದಕ್ಕಿದ್ದು ಬೊಗಸೆಯಲ್ಲಿ. ಜೂನ್ ತಿಂಗಳ ಮಧ್ಯಾಹ್ನ. ಟ್ರಾಸ್ಟೆವೆರೆ ಎಂಬ ಹಳೆಯ ಪೇಟೆಯ ಇಕ್ಕಟ್ಟು ಓಣಿ. ಕಾಲಡಿಯಲ್ಲಿ ಕರಿಗಲ್ಲಿನ ಪುಟ್ಟ ಪುಟ್ಟ ಚೌಕಗಳು, ಎರಡೂ ಬದಿಗೆ ಕಾವಿ ಬಳಿದ ಗೋಡೆಗಳು, ನೆತ್ತಿಯ ಮೇಲೆ ಸುಡುವ ಬಿಸಿಲು. ಓಣಿ ತಿರುಗುವಲ್ಲಿ ಸೊಂಟಕ್ಕಿಂತ ತುಸು ಎತ್ತರದ ಎರಕದ ಕಬ್ಬಿಣದ ಕಂಬವೊಂದು ನಿಂತಿತ್ತು. ಅದರ ಮೈಯಿಂದ ಹೊರಟು ಕೆಳಕ್ಕೆ ಬಾಗಿದ ಕೊಳವೆ. ಕೊಳವೆಯ ಬಾಯಿಂದ ಹೆಬ್ಬೆರಳ ಗಾತ್ರದ ನೀರು ತನ್ನ ಪಾಡಿಗೆ ಸುರಿಯುತ್ತಿತ್ತು. ತಿರುಗಿಸಲು ತಿರುಪಿಲ್ಲ, ಒತ್ತಲು ಗುಂಡಿಯಿಲ್ಲ, ಕಾಸು ಹಾಕುವ ಕಿಂಡಿಯಿಲ್ಲ. ನಲ್ಲಿ ನಿಲ್ಲಿಸಲು ಮರೆತಿದ್ದಾರೇನೋ ಎಂದು ನನ್ನ ಕೈ ತಾನಾಗಿಯೇ ಅದರ ಸುತ್ತ ತಡಕಾಡಿತು. ಬೇಸಿಗೆಯಲ್ಲಿ ಬಿಂದಿಗೆಗಾಗಿ ಸರದಿ ನಿಂತ ಊರಿನವನ ಕೈ ಅದು.

ತರಕಾರಿ ಚೀಲ ಹಿಡಿದು ಬಂದ ಅಜ್ಜಿಯೊಬ್ಬರು ನನ್ನನ್ನು ನೋಡಿ ನಕ್ಕರು. ಚೀಲ ಕೆಳಗಿಟ್ಟು, ಕೊಳವೆಯ ಬಾಯಿಗೆ ಬೆರಳು ಒತ್ತಿ ಹಿಡಿದರು. ಕೊಳವೆಯ ಬೆನ್ನಿನ ಮೇಲೆ ನಾನು ಕಾಣದೇ ಇದ್ದ ಕಡಲೆಕಾಳಿನಷ್ಟು ತೂತಿತ್ತು. ಅದರಿಂದ ನೀರು ಮೇಲಕ್ಕೆ ಚಿಮ್ಮಿ, ಕಮಾನಾಗಿ ಬಾಗಿ, ಸರಿಯಾಗಿ ಬಾಯಿಗೆ ಬೀಳುವಂತೆ ಇಳಿಯಿತು. ಅವರು ಕುಡಿದು, ತುಟಿ ಒರೆಸಿಕೊಂಡು, ನಿನ್ನ ಸರದಿ ಎಂಬಂತೆ ಸರಿದು ನಿಂತರು. ನಾನೂ ಬೆರಳು ಒತ್ತಿದೆ, ಬಗ್ಗಿದೆ. ಬಾವಿಯ ತಳದಿಂದ ಆಗಷ್ಟೇ ಸೇದಿದಂಥ ತಂಪು. ಮೊದಲ ಗುಟುಕಿಗೆ ಹಲ್ಲು ಜುಮ್ಮೆಂದಿತು; ಎರಡನೆಯದರಲ್ಲಿ ಸುಣ್ಣಕಲ್ಲಿನ ಸಣ್ಣ ಒಗರು ನಾಲಿಗೆಗೆ ತಿಳಿಯಿತು; ಮೂರನೆಯ ಹೊತ್ತಿಗೆ ರುಚಿ ನೋಡುವುದನ್ನು ಮರೆತು ದಾಹ ತೀರುವಷ್ಟು ಕುಡಿದೆ.

ಈ ಕಂಬಗಳನ್ನು ಇಲ್ಲಿನವರು 'ನಾಸೋನೆ' ಎನ್ನುತ್ತಾರೆ, ಎಂದರೆ ದೊಡ್ಡ ಮೂಗು. ಬಾಗಿದ ಕೊಳವೆಗೆ ಸಿಕ್ಕ ಹೆಸರು. ನಮ್ಮ ನಾಸಿಕ, ನಾಸಾಪುಟಗಳಿಗೂ ಇಟಲಿಯ ಈ ಮೂಗಿಗೂ ಭಾಷಾಮೂಲದಲ್ಲಿ ನಂಟಿದೆ; ಹಾಗಾಗಿ ಹೆಸರು ಕೇಳಿದ ಕೂಡಲೇ ಅದು ನೆಂಟರ ಮನೆಯ ನಲ್ಲಿಯಂತೆ ಕಂಡಿತು. 1874ರಿಂದ ನಿಲ್ಲಿಸುತ್ತ ಬಂದಿರುವ ಇಂಥ ಕಂಬಗಳು ಊರಲ್ಲಿ ಸುಮಾರು 2,500 ಇವೆ. ಒಂದೊಂದೂ ನೂರು ಕಿಲೋದಷ್ಟು ತೂಗುತ್ತದೆ. ನಾಯಿ ಕುಡಿಯುತ್ತದೆ, ಪಾರಿವಾಳ ಮೀಯುತ್ತದೆ, ಹೂ ಮಾರುವವಳು ಬಕೆಟ್ ತುಂಬಿಸಿಕೊಳ್ಳುತ್ತಾಳೆ, ಸೂಟು ತೊಟ್ಟವನು ಟೈಯನ್ನು ಹೆಗಲ ಮೇಲೆ ಹಾಕಿಕೊಂಡು ಬಗ್ಗುತ್ತಾನೆ.

ಆಮೇಲಿನ ಆರು ದಿನ ನಾನು ನೀರಿನ ಬೆನ್ನು ಹತ್ತಿದೆ. ಕೊಲೊಸಿಯಂ ನೋಡಿದೆ, ಅಗಾಧವಾಗಿದೆ, ಆದರೆ ಅಲ್ಲಿ ಸತ್ತವರ ನೆನಪು ಮನಸ್ಸನ್ನು ಅರಳಲು ಬಿಡಲಿಲ್ಲ. ವ್ಯಾಟಿಕನ್ನಿನಲ್ಲಿ ಜನಜಂಗುಳಿಯ ನಡುವೆ ಕತ್ತೆತ್ತಿಕೊಂಡು ಮೈಕೆಲೆಂಜೆಲೊನ ಚಾವಣಿಯನ್ನೂ ನೋಡಿದೆ. ಅದಕ್ಕೆ ಬೇರೊಂದು ಜನ್ಮದ ಬಿಡುವು ಬೇಕು. ರಸ ಎಂಬ ನಮ್ಮ ಮಾತು ಅಲಂಕಾರಶಾಸ್ತ್ರದ ಎತ್ತರಕ್ಕೆ ಏರುವ ಮೊದಲು ಹಣ್ಣಿನ ಸಾರವಾಗಿತ್ತು, ಒಸರುವ ನೀರಾಗಿತ್ತು. ಆ ಹಳೆಯ ಅರ್ಥವನ್ನು ಕೈಹಿಡಿದು ನಡೆದವನಿಗೆ ರೋಮ್ ತನ್ನ ಬಾಗಿಲುಗಳನ್ನು ಒಂದೊಂದಾಗಿ ತೆರೆಯುತ್ತದೆ.

ಮನೆಮನೆಗೆ ಇಂದು ಬರುವ ನೀರಿನ ಬಹುಪಾಲು ಈಶಾನ್ಯದ ಬೆಟ್ಟಗಳ ಪೆಸ್ಕಿಯೇರಾ ಬುಗ್ಗೆಗಳದು. ಆದರೆ ಊರಿನ ಹೆಸರಾಂತ ಕಾರಂಜಿಗಳಿಗೆ ಉಣಿಸುವುದು ಅದಕ್ಕಿಂತ ಬಹಳ ಹಳೆಯ ಕಾಲುವೆ. ಕ್ರಿ.ಪೂ. 19ರಲ್ಲಿ ಆಗಸ್ಟಸ್ ಚಕ್ರವರ್ತಿಯ ಗೆಳೆಯನೂ ಅಳಿಯನೂ ಸೇನಾನಿಯೂ ಆಗಿದ್ದ ಮಾರ್ಕಸ್ ಅಗ್ರಿಪ್ಪ ಅದನ್ನು ಊರಿಗೆ ತಂದ. ಹೆಸರು ಆಕ್ವಾ ವಿರ್ಗೋ, ಕನ್ಯೆಯ ನೀರು. ಬಾಯಾರಿ ಅಲೆಯುತ್ತಿದ್ದ ಸೈನಿಕರಿಗೆ ಹುಡುಗಿಯೊಬ್ಬಳು ಬುಗ್ಗೆಯನ್ನು ತೋರಿಸಿದಳು ಎಂಬುದು ಹೆಸರಿನ ಹಿಂದಿನ ಕಥೆ. ಸುಮಾರು ಇಪ್ಪತ್ತೊಂದು ಕಿಲೋಮೀಟರ್ ಉದ್ದದ ಕಾಲುವೆ, ಬಹುಪಾಲು ನೆಲದಡಿಯಲ್ಲಿ. ಅಷ್ಟು ದೂರಕ್ಕೆ ಅದು ಇಳಿಯುವುದು ಬರೀ ನಾಲ್ಕು ಮೀಟರ್ ಆಸುಪಾಸು! ಗದ್ದೆಗೆ ನೀರು ಹಾಯಿಸಿದವರಿಗೆ ಈ ಲೆಕ್ಕದ ಕಷ್ಟ ಗೊತ್ತು. ಸ್ವಲ್ಪ ಹೆಚ್ಚು ಇಳಿಜಾರಾದರೆ ನೀರು ಕೊರೆಯುತ್ತದೆ, ಸ್ವಲ್ಪ ಕಡಿಮೆಯಾದರೆ ನಿಂತು ಕೊಳೆಯುತ್ತದೆ. ಮರದ ಮಟ್ಟಗೋಲು ಹಿಡಿದು ನೆಲದೊಳಗೆ ಬಗ್ಗಿ ನಡೆದ ಆ ಹೆಸರಿಲ್ಲದ ಕೆಲಸಗಾರರ ಕಣ್ಣಳತೆಯನ್ನು ನೆನೆದರೆ ಮೈ ನವಿರೇಳುತ್ತದೆ.

ರೋಮನ್ನರು ನೀರಿನ ನಡುವೆ ಭೇದ ಎಣಿಸಿ ಸವಿಯುತ್ತಿದ್ದರು. ಹಿರಿಯ ಪ್ಲಿನಿ ಊರಿನ ಕಾಲುವೆಗಳನ್ನು ಹೋಲಿಸುತ್ತ, ಕುಡಿಯಲು ಮಾರ್ಸಿಯಾ ಹೆಚ್ಚು, ಮೈಗೆ ತಾಗಿಸಿಕೊಳ್ಳಲು ವಿರ್ಗೋ ಹೆಚ್ಚು ಎಂಬ ತೀರ್ಮಾನ ಕೊಟ್ಟಿದ್ದಾನೆ. ನೀರಿಗೂ ಒಬ್ಬ ವಿಮರ್ಶಕ! ಅವನ ಮಾತು ನೆನಪಿದ್ದದ್ದರಿಂದ ಆ ವಾರವೆಲ್ಲ ನಾನು ವಿರ್ಗೋ ಹರಿಯುವ ಕಡೆಯಲ್ಲೆಲ್ಲ ಮುಂಗೈಯನ್ನು ಅದ್ದಿ ನೋಡಿದೆ. ತಂಪು ತೊಗಲಿಗೆ ಚುಚ್ಚುವುದಿಲ್ಲ, ಹೊದೆಯುತ್ತದೆ.

537ರಲ್ಲಿ ರೋಮನ್ನು ಮುತ್ತಿದ ಗಾಥರು ಕಾಲುವೆಗಳನ್ನು ಕಡಿದರು. ಊರು ಕಾಯುತ್ತಿದ್ದ ಬೆಲಿಸಾರಿಯಸ್ ಒಣಗಿದ ಕಾಲುವೆಗಳ ಬಾಯಿಗೆ ಗೋಡೆ ಕಟ್ಟಿಸಿದ. ಆ ಮುತ್ತಿಗೆಯ ಒಂದು ರಾತ್ರಿಯ ಪ್ರಸಂಗವನ್ನು ಜೊತೆಗಿದ್ದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ. ಒಣ ಕಾಲುವೆಯೊಳಗೆ ದೀವಟಿಗೆ ಹಿಡಿದು ಕೆಲವು ಗಾಥರು ಊರೊಳಕ್ಕೆ ದಾರಿ ಹುಡುಕುತ್ತ ಬಂದರು. ಪಿಂಚಿಯನ್ ಬಾಗಿಲ ಬಳಿಯ ಕಾವಲುಗಾರನಿಗೆ ಕಾಲುವೆಯ ಬಿರುಕಿನಿಂದ ಬೆಳಕೊಂದು ಹಾದುಹೋದದ್ದು ಕಂಡಿತು. ಜೊತೆಯವರು, ತೋಳದ ಕಣ್ಣು ಹೊಳೆದಿರಬೇಕು ಎಂದು ಅವನ ಮಾತನ್ನು ತಳ್ಳಿಹಾಕಿದರು. ಮಾತು ದಂಡನಾಯಕನ ಕಿವಿಗೆ ಬಿದ್ದು ಹುಡುಕಿಸಿದಾಗ ಒಳಗೆ ದೀವಟಿಗೆಯ ಹನಿಗಳು ಸಿಕ್ಕಿದವು. ಅದು ವಿರ್ಗೋ ಕಾಲುವೆಯೇ ಇರಬೇಕೆಂದು ವಿದ್ವಾಂಸರ ಅಭಿಪ್ರಾಯ. ಮುಂದಿನ ಶತಮಾನಗಳಲ್ಲಿ ಉಳಿದ ಕಾಲುವೆಗಳು ಒಂದೊಂದಾಗಿ ಹೂಳುಬಿದ್ದಾಗ, ನೆಲದೊಳಗೆ ಅಡಗಿದ್ದ ಇದು ಎಷ್ಟೋ ಸಲ ಸೊರಗಿಯೂ ಬದುಕಿತು. 1453ರಲ್ಲಿ ಪೋಪ್ ಐದನೇ ನಿಕೋಲಸ್, 1570ರಲ್ಲಿ ಐದನೇ ಪಯಸ್ ಅದನ್ನು ದುರಸ್ತಿ ಮಾಡಿಸಿದರು.

ಆ ಕಾಲುವೆ ಬೆಳಕಿಗೆ ಬರುವ ಜಾಗವೇ ಟ್ರೆವಿ. ಹಗಲಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲವೆಂದು ನಸುಕಿನ ಐದೂವರೆಗೇ ಹೊರಟೆ. ಅಂಗಡಿಗಳ ಕದ ಮುಚ್ಚಿತ್ತು, ಬೀದಿ ಒದ್ದೆಯಾಗಿತ್ತು. ಎರಡು ತಿರುವು ಇರುವಾಗಲೇ ಅದರ ಸದ್ದು ಗೋಡೆಗಳ ನಡುವೆ ಬಂದು ನನ್ನನ್ನು ಕರೆದುಕೊಂಡು ಹೋಯಿತು. ಚೌಕ ಚಿಕ್ಕದು, ಕಾರಂಜಿ ಅರಮನೆಯೊಂದರ ಗೋಡೆಯಷ್ಟು ದೊಡ್ಡದು. ನಿಜಕ್ಕೂ ಅದು ಪೋಲಿ ಅರಮನೆಯ ಒಂದು ಪಕ್ಕಕ್ಕೇ ಅಂಟಿಕೊಂಡಿದೆ. ನಿಕೋಲಾ ಸಾಲ್ವಿ ಎಂಬ ವಾಸ್ತುಶಿಲ್ಪಿ 1732ರಲ್ಲಿ ಇದನ್ನು ಆರಂಭಿಸಿ, ಮುಗಿಯುವ ಮುನ್ನವೇ 1751ರಲ್ಲಿ ತೀರಿಕೊಂಡ. ಪೂರ್ಣವಾದದ್ದು 1762ರಲ್ಲಿ.

ಎಲ್ಲರೂ ನೋಡುವುದು ನಡುವಿನ ಸಾಗರದೇವನನ್ನು, ಕೆರಳಿದ ಮತ್ತು ಪಳಗಿದ ಎರಡು ಕುದುರೆಗಳನ್ನು. ನನ್ನ ಕಣ್ಣು ನಿಂತದ್ದು ಬಂಡೆಗಳ ಮೇಲೆ. ಮೇಲಿನ ಅರ್ಧ ಕಂಬ, ಕಿಟಕಿ, ಅಂಚುಪಟ್ಟಿಗಳ ಶಿಸ್ತಿನ ಕಟ್ಟಡ. ಕೆಳಗೆ ಬರುಬರುತ್ತ ಅದೇ ಟ್ರವರ್ಟೀನ್ ಕಲ್ಲು ಬಂಡೆಯಾಗಿ ಒಡೆದು ಸೀಳಿ ಉರುಳಿ ಹರಡುತ್ತದೆ. ಕಟ್ಟಡ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲಾಗದು. ಬಂಡೆಯ ಸಂದುಗಳಲ್ಲಿ ಹತ್ತಾರು ಬಗೆಯ ಗಿಡಗಳನ್ನು ಕಲ್ಲಲ್ಲೇ ಬೆಳೆಸಿದ್ದಾರೆ. ದ್ರಾಕ್ಷಿಯ ಬಳ್ಳಿಯಿದೆ, ಅಂಜೂರದ ಎಲೆಯಿದೆ. ನೀರು ಅವುಗಳ ನಡುವೆ ಹಾಯುವಾಗ ಒಂದೇ ದನಿಯಲ್ಲಿ ಹಾಯುವುದಿಲ್ಲ. ನಡುವಿನ ಅಗಲವಾದ ಪರದೆ ಸೀರೆ ಬಿಚ್ಚಿದಂತೆ ಸರಸರ ಎನ್ನುತ್ತದೆ. ಬದಿಯ ಸಣ್ಣ ಜರಿಗಳು ಹಿತ್ತಾಳೆ ಪಾತ್ರೆ ತುಂಬಿದಂತೆ ಗುಳುಗುಳು ಎನ್ನುತ್ತವೆ. ಎಲ್ಲೋ ಮೂಲೆಯಲ್ಲಿ ಒಂದೇ ಒಂದು ಎಳೆ ಕಲ್ಲಿನ ಎಲೆಯ ಮೇಲೆ ಟಪಟಪನೆ ತಾಳ ಹಾಕುತ್ತದೆ. ಸಾಲ್ವಿ ಕಲ್ಲು ಕೆತ್ತಿಸುವಾಗ ಕಣ್ಣಿನಷ್ಟೇ ಕಿವಿಗೂ ಕೆಲಸ ಕೊಟ್ಟಿದ್ದಾನೆ ಎಂಬುದರಲ್ಲಿ ನನಗೆ ಅನುಮಾನ ಉಳಿಯಲಿಲ್ಲ.

ಬಲಗಡೆ ಮೇಲೆ ಒಂದು ಉಬ್ಬುಶಿಲ್ಪವಿದೆ. ಬೆನ್ನು ತಿರುಗಿಸಿ ನಾಣ್ಯ ಎಸೆಯುವವರು ಅದನ್ನು ನೋಡುವುದೇ ಇಲ್ಲ. ಅದರಲ್ಲಿ ಆ ಹುಡುಗಿ ನಿಂತಿದ್ದಾಳೆ, ಸೈನಿಕರಿಗೆ ಬುಗ್ಗೆ ತೋರಿಸುತ್ತ. ಎಡಗಡೆ ಶಿಲ್ಪದಲ್ಲಿ ಅಗ್ರಿಪ್ಪ ಕಾಲುವೆಯ ಕೆಲಸಕ್ಕೆ ಒಪ್ಪಿಗೆ ಕೊಡುತ್ತಿದ್ದಾನೆ. ನೀರನ್ನು ತಂದವನಷ್ಟೇ ಎತ್ತರದಲ್ಲಿ ನೀರನ್ನು ತೋರಿಸಿದವಳನ್ನೂ ಇಟ್ಟ ಈ ಸಮತೂಕ ನನಗೆ ತುಂಬ ಹಿಡಿಸಿತು. ಆರು ಗಂಟೆಯ ಹೊತ್ತಿಗೆ ಬಿಸಿಲು ಮೇಲಿನ ಅಂಚಿಗೆ ತಾಗಿತು. ಕಲ್ಲು ಬಿಳಿಯಿಂದ ಬೆಣ್ಣೆಯ ಬಣ್ಣಕ್ಕೆ ತಿರುಗುವುದನ್ನು ನೋಡುತ್ತ ಅಲ್ಲೇ ಕೂತೆ, ಮೊದಲ ಪ್ರವಾಸಿ ತಂಡದ ಬಾವುಟ ಕಾಣುವವರೆಗೆ.

ಸ್ಪ್ಯಾನಿಷ್ ಮೆಟ್ಟಿಲುಗಳ ಕೆಳಗಿನ ಬಾರ್ಕಾಚ್ಚಾ ಕಾರಂಜಿಗೂ ಅದೇ ನೀರು. ಆದರೆ ಅಲ್ಲಿ ನೀರು ಚಿಮ್ಮುವುದಿಲ್ಲ. ಆ ಜಾಗದಲ್ಲಿ ಕಾಲುವೆಯ ಒತ್ತಡ ತೀರಾ ಕಡಿಮೆ. ನೀರನ್ನು ಎತ್ತರಕ್ಕೆ ಎಸೆಯುವ ಕಾರಂಜಿ ಅಲ್ಲಿ ಆಗದು. 1627ರಿಂದ 1629ರವರೆಗೆ ಇಲ್ಲಿ ಕೆಲಸ ಮಾಡಿದ ಪಿಯೆತ್ರೊ ಬರ್ನಿನಿ, ಎಂದರೆ ಹೆಸರುವಾಸಿಯಾದ ಬರ್ನಿನಿಯ ತಂದೆ, ಆ ಕೊರತೆಯನ್ನೇ ರೂಪವಾಗಿಸಿದ. ನೆಲದ ಮಟ್ಟಕ್ಕಿಂತ ಕೆಳಗೆ ಕೊಳ ತೋಡಿ, ಅದರಲ್ಲಿ ಅರ್ಧ ಮುಳುಗಿದ ಕಲ್ಲಿನ ದೋಣಿಯನ್ನಿಟ್ಟ. ದೋಣಿಯ ಒಡಲು ತುಂಬಿ ಬದಿಗಳಿಂದ ನೀರು ಒಸರಿ ಜಾರುತ್ತದೆ. 1598ರ ಮಹಾಪೂರ ಇಳಿದಾಗ ಟೈಬರ್ ನದಿಯ ದೋಣಿಯೊಂದು ಈ ಚೌಕದಲ್ಲಿ ಉಳಿದಿತ್ತು, ಅದೇ ಅವನಿಗೆ ಪ್ರೇರಣೆ ಎಂದು ಊರವರ ಕಥೆ. ಕಥೆ ನಿಜವಿರಲಿ ಬಿಡಲಿ, ಬಲವಿಲ್ಲದ ನೀರಿಗೆ ಇಷ್ಟು ಘನತೆ ಕೊಟ್ಟ ಕೆಲಸವನ್ನು ನಾನು ಬೇರೆಲ್ಲೂ ಕಂಡಿಲ್ಲ.

ದೋಣಿಯ ಪಕ್ಕದ ಮನೆಯಲ್ಲಿ ಇಂಗ್ಲಿಷ್ ಕವಿ ಜಾನ್ ಕೀಟ್ಸ್ 1821ರ ಫೆಬ್ರವರಿ 23ರಂದು ಕ್ಷಯದಿಂದ ತೀರಿಕೊಂಡ. ವಯಸ್ಸು 25. ಅವನು ಮಲಗಿದ್ದ ಕೋಣೆ ಇಕ್ಕಟ್ಟಾದದ್ದು. ಕಿಟಕಿ ತೆರೆದರೆ ಕೇಳುವುದು ಈ ಒಸರುವ ನೀರು. ಸಮಾಧಿಯ ಕಲ್ಲಿನ ಮೇಲೆ ತನ್ನ ಹೆಸರು ಬೇಡ, ನೀರಿನಲ್ಲಿ ಬರೆದ ಹೆಸರಿನ ಬಗ್ಗೆ ಒಂದು ಸಾಲಿದ್ದರೆ ಸಾಕು ಎಂದು ಅವನು ಕೇಳಿಕೊಂಡದ್ದನ್ನು ಓದಿದ್ದೆ. ಆ ಕಿಟಕಿಯ ಬಳಿ ನಿಂತಾಗ, ಆ ಬಯಕೆ ಎಲ್ಲಿಂದ ಬಂತೆಂದು ಕಿವಿಗೆ ತಿಳಿದಂತಾಯಿತು.

ಮಹಾಪೂರದ ಮಾತು ಬಂತಲ್ಲ. ಪ್ಯಾಂಥಿಯನ್‌ ಹಿಂಬದಿಯಲ್ಲಿ ಸಾಂತಾ ಮರಿಯಾ ಸೋಪ್ರಾ ಮಿನರ್ವಾ ಎಂಬ ಚರ್ಚಿದೆ. ಮುಂದಿನ ಅಂಗಳದಲ್ಲಿ ಮಗ ಬರ್ನಿನಿ ಕಲ್ಪಿಸಿದ ಪುಟ್ಟ ಆನೆ ಬೆನ್ನ ಮೇಲೆ ಈಜಿಪ್ಟಿನ ಕಂಬ ಹೊತ್ತು ನಿಂತಿದೆ. ಎಲ್ಲರ ಕ್ಯಾಮೆರಾ ಅದರತ್ತ. ಚರ್ಚಿನ ಮುಂಗೋಡೆಯ ಬಲಬದಿಗೆ ಹೋಗಿ ನೋಡಿ. ಅಲ್ಲಿ ಸಣ್ಣ ಸಣ್ಣ ಕಲ್ಲುಹಲಗೆಗಳಲ್ಲಿ ಬೇರೆ ಬೇರೆ ವರ್ಷಗಳ ನೆರೆಯ ಮಟ್ಟ ಗುರುತಿಸಿದ್ದಾರೆ. 1598ರ ಗುರುತು ಎಲ್ಲಕ್ಕಿಂತ ಮೇಲೆ, ನನ್ನ ತಲೆಗಿಂತ ಎಷ್ಟೋ ಎತ್ತರದಲ್ಲಿದೆ. ಅದರ ಕೆಳಗೆ ನಿಂತು ಕತ್ತೆತ್ತಿದಾಗ ಕ್ರಿಸ್‌ಮಸ್ ಹಿಂದಿನ ಆ ರಾತ್ರಿಯ ಕೆಸರು ನೀರು ಈ ಬೀದಿಯಲ್ಲೆಲ್ಲ ತುಂಬಿ ನಿಂತದ್ದು ಕಣ್ಣಿಗೆ ಕಟ್ಟಿತು. 1870ರ ನೆರೆಯ ಬಳಿಕ ಟೈಬರಿನ ಎರಡೂ ದಡಕ್ಕೆ ಎತ್ತರದ ಗೋಡೆ ಕಟ್ಟಿದರು. ಊರು ಬದುಕಿಕೊಂಡಿತು, ಆದರೆ ನದಿ ಮನೆಗಳ ಕಣ್ಣಿಂದ ಮರೆಯಾಯಿತು. ಗೋಡೆಯ ಮೇಲಿನ ಪ್ಲೇನ್ ಮರಗಳ ನೆರಳಲ್ಲಿ ಬಗ್ಗಿ ನೋಡಿದರಷ್ಟೇ ಹಸಿರು ಮಿಶ್ರಿತ ಕಂದು ನೀರು ಕಾಣುತ್ತದೆ.

ಇನ್ನು ಪಿಯಾತ್ಸಾ ನವೋನಾ. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಡೊಮಿಷಿಯನ್ ಚಕ್ರವರ್ತಿ ಕಟ್ಟಿಸಿದ ಓಟದ ಅಂಗಳದ ಆಕಾರವನ್ನೇ ಈ ಚೌಕ ಇಂದಿಗೂ ಹೊದ್ದಿದೆ. ಅದರ ನಡುವೆ 1651ರಲ್ಲಿ ಜಾನ್ ಲೊರೆಂಜೊ ಬರ್ನಿನಿ ಪೂರೈಸಿದ ನಾಲ್ಕು ನದಿಗಳ ಕಾರಂಜಿ. ನಾಲ್ಕು ಖಂಡಗಳಿಗೆ ನಾಲ್ಕು ನದಿ: ಡ್ಯಾನ್ಯೂಬ್, ನೈಲ್, ರಿಯೊ ದೆ ಲಾ ಪ್ಲಾತಾ ಮತ್ತು ನಮ್ಮ ಗಂಗೆ. ಗಂಗೆಯನ್ನು ನೋಡಬೇಕೆಂದೇ ಹೋಗಿದ್ದೆ. ಹೋಗಿ ನೋಡಿದರೆ ಗಡ್ಡದ ಗಂಡಸು!

ಯುರೋಪಿನ ಶಿಲ್ಪಸಂಪ್ರದಾಯದಲ್ಲಿ ನದಿದೇವರು ಸಾಮಾನ್ಯವಾಗಿ ಗಂಡು. ಅದು ಗೊತ್ತಿದ್ದೂ ಎದುರು ನಿಂತಾಗ ಒಂದು ಕ್ಷಣ ತಬ್ಬಿಬ್ಬಾದೆ. ನಮಗೆ ಗಂಗೆ ಎಂದರೆ ತಾಯಿ. ಮಕರದ ಮೇಲೆ ತ್ರಿಭಂಗಿಯಲ್ಲಿ ನಿಂತು ಗುಡಿಯ ಬಾಗಿಲವಾಡ ಕಾಯುವವಳು. ಹೊಸ ಬಾವಿ ತೋಡಿದಾಗ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಯಾವ ಊರಿನ ನೀರಿಗೂ ತನ್ನ ಹೆಸರು ಕೊಡುವವಳು. ಇಲ್ಲಿನ ಗಂಗೆ ಬಂಡೆಗೆ ಒರಗಿ, ಉದ್ದನೆಯ ಹುಟ್ಟೊಂದನ್ನು ತೊಡೆಯ ಬಳಿ ಹಿಡಿದು ಕೂತಿದ್ದಾನೆ. ಉದ್ದಕ್ಕೂ ದೋಣಿ ಸಾಗುವ ನದಿ ಎಂದು ತಿಳಿಸಲು ಆ ಹುಟ್ಟು. ಕೆತ್ತಿದವನು ಬರ್ನಿನಿಯ ಕೈಕೆಳಗಿನ ಕ್ಲೋದ್ ಪೂಸೆ ಎಂಬ ಫ್ರೆಂಚ್ ಶಿಲ್ಪಿ. ಗಂಗೆಯನ್ನು ಅವನು ಕಂಡವನಲ್ಲ; ಬಹಳ ದೊಡ್ಡದು, ಬಹಳ ದೂರದ್ದು ಎಂಬ ಕೇಳಿಕೆಯೊಂದೇ ಅವನ ಕೈಯಲ್ಲಿದ್ದ ಸಾಮಗ್ರಿ. ನಾನು ಸುತ್ತು ಹಾಕಿ ಹಾಕಿ ಆ ಮುಖವನ್ನೇ ನೋಡಿದೆ. ಉಳಿದ ಮೂವರಲ್ಲಿ ಏನೋ ಒಂದು ತಳಮಳವಿದೆ. ನೈಲ್ ಮುಖಕ್ಕೆ ಮುಸುಕೆಳೆದುಕೊಂಡಿದ್ದಾನೆ, ಅದರ ಉಗಮ ಆಗಿನ್ನೂ ಯುರೋಪಿಗೆ ತಿಳಿದಿರಲಿಲ್ಲ. ಪ್ಲಾತಾ ಕೈಯೆತ್ತಿ ಹಿಂದಕ್ಕೆ ವಾಲಿದ್ದಾನೆ. ಡ್ಯಾನ್ಯೂಬ್ ಪೋಪರ ಲಾಂಛನದತ್ತ ಕೈ ಚಾಚಿದ್ದಾನೆ. ಗಂಗೆ ಒಬ್ಬನೇ ಇವರ ಗಡಿಬಿಡಿಗೆ ಸೇರದೆ, ದಿನದ ದಾರಿ ಮುಗಿಸಿ ಹುಟ್ಟನ್ನು ಪಕ್ಕಕ್ಕಿಟ್ಟ ಅಂಬಿಗನ ಹಾಗೆ ಬೇರೆಲ್ಲೋ ನೋಡುತ್ತಿದ್ದಾನೆ. ಆ ನೆಮ್ಮದಿಯಲ್ಲಿ, ಕೇಳಿಕೆಯ ಮೇಲೆ ಕೆತ್ತಿದ ಆ ಕಲ್ಲಿನಲ್ಲಿ, ನನಗೆ ಗಂಗೆ ಸಿಕ್ಕಳು. ಪಾದದಡಿಯಲ್ಲಿ ಹರಿಯುತ್ತಿದ್ದದ್ದು ಅಗ್ರಿಪ್ಪನ ಕಾಲುವೆಯ ನೀರು.

ಈ ಚೌಕದ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1652ರಿಂದ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಆಗಸ್ಟಿನ ಸೆಕೆಯಲ್ಲಿ ವಾರದ ಕೊನೆಗೆ ಕಾರಂಜಿಗಳ ಹೊರದಾರಿ ಮುಚ್ಚಿ ಇಡೀ ಚೌಕವನ್ನು ಕೆರೆಯಾಗಿಸುತ್ತಿದ್ದರು. ಸಿರಿವಂತರ ಸಾರೋಟುಗಳು ನೀರು ಚಿಮ್ಮಿಸುತ್ತ ಸುತ್ತು ಹೊಡೆಯುತ್ತಿದ್ದವು, ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಕುಣಿಯುತ್ತಿದ್ದರು. ಈಗ ಅಲ್ಲಿ ಮೇಜು ಕುರ್ಚಿಗಳಿವೆ, ಚಿತ್ರ ಬರೆಯುವವರಿದ್ದಾರೆ. ಆ ಕೆರೆಹಬ್ಬವನ್ನು ಮತ್ತೆ ಶುರುಮಾಡಿದರೆ ಅದನ್ನು ನೋಡಲೆಂದೇ ಇನ್ನೊಮ್ಮೆ ಬಂದೇನು.

ಮಧ್ಯಾಹ್ನದ ಊಟಕ್ಕೆ ಕಾಚೊ ಎ ಪೆಪೆ. ಶಾವಿಗೆಗಿಂತ ದಪ್ಪನೆಯ ಪಾಸ್ತಾ, ಕುರಿಹಾಲಿನ ಪೆಕೊರೀನೊ ಚೀಸ್, ಕುಟ್ಟಿದ ಕಾಳುಮೆಣಸು. ಇಷ್ಟೇ. ಪಾಸ್ತಾ ಬೆಂದ ಗಂಜಿನೀರೇ ಇದರ ಗುಟ್ಟು. ಒಂದೆರಡು ಸೌಟು ಹಾಕಿ ಬಿಡದೆ ಕಲಸಿದರೆ ಚೀಸು ಗಂಟಾಗದೆ ಕೆನೆಯಂತೆ ಎಳೆಎಳೆಗೂ ಹತ್ತುತ್ತದೆ. ಬಸಿದ ಗಂಜಿಯ ಬೆಲೆ ಬಲ್ಲ ನಾವು ಇದನ್ನು ಬೇಗ ಅರ್ಥಮಾಡಿಕೊಳ್ಳುತ್ತೇವೆ. ಮೊದಲು ಬಾಯಿಗೆ ಉಪ್ಪು, ಆಮೇಲೆ ಹಾಲಿನ ಹದವಾದ ಹುಳಿ, ಕೊನೆಗೆ ಗಂಟಲಲ್ಲಿ ಮೆಣಸಿನ ಬಿಸಿ. ಆ ಬಿಸಿ ನಮ್ಮ ಪಶ್ಚಿಮ ಘಟ್ಟದ ನೆಲದ್ದು. ಡೊಮಿಷಿಯನ್ ಕಾಲದಲ್ಲಿ ರೋಮಿನ ನಟ್ಟನಡುವೆ, ಫೋರಂ ಪಕ್ಕದಲ್ಲಿ ಮೆಣಸಿಗೆಂದೇ ಉಗ್ರಾಣವಿತ್ತು. ಅದರ ಅವಶೇಷಗಳು ಮುಂದೆ ಮೇಲೆದ್ದ ಮ್ಯಾಕ್ಸೆಂಟಿಯಸ್ ಬೆಸಿಲಿಕಾದ ಅಡಿಯಲ್ಲಿವೆ. 408ರಲ್ಲಿ ಗಾಥರ ದೊರೆ ಅಲಾರಿಕ್ ಊರನ್ನು ಮುತ್ತಿದಾಗ ಚಿನ್ನ, ಬೆಳ್ಳಿ, ರೇಷ್ಮೆಗಳ ಜೊತೆಗೆ ಮೂರು ಸಾವಿರ ಪೌಂಡು ಮೆಣಸನ್ನೂ ಕಪ್ಪವಾಗಿ ಪಡೆದ. ಮೆಣಸಿಗೆ ಬದಲಾಗಿ ಇಲ್ಲಿನ ಬೆಳ್ಳಿ ನಮ್ಮ ಕಡೆ ಹರಿಯಿತು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕ ರೋಮನ್ ನಾಣ್ಯಗಳು ಆ ಹರಿವಿನ ಗುರುತು.

ಐದನೆಯ ದಿನ ಸಾನ್ ಕ್ಲೆಮೆಂತೆಗೆ ಹೋದೆ. ಕೊಲೊಸಿಯಂನಿಂದ ಸ್ವಲ್ಪವೇ ದೂರ, ಹೊರಗಿನಿಂದ ಹೆಚ್ಚೇನೂ ಹೇಳದ ಚರ್ಚು. ಒಳಗೆ ಗರ್ಭಭಾಗದ ಅರ್ಧಗುಮ್ಮಟದಲ್ಲಿ ಹನ್ನೆರಡನೆಯ ಶತಮಾನದ ಮೊಸಾಯಿಕ್ ಚಿತ್ರ. ಚಿನ್ನದ ಹಿನ್ನೆಲೆ, ನಡುವೆ ಶಿಲುಬೆ, ಅದರ ಮೇಲೆ ಹನ್ನೆರಡು ಬಿಳಿ ಪಾರಿವಾಳ. ಶಿಲುಬೆಯ ಬುಡದಿಂದ ಹಸಿರು ಬಳ್ಳಿ ಚಿಗಿತು, ಸುರುಳಿ ಸುರುಳಿಯಾಗಿ ಇಡೀ ಗುಮ್ಮಟವನ್ನು ತುಂಬಿದೆ. ಸುರುಳಿಗಳ ಸಂದಿಯಲ್ಲಿ ಹಕ್ಕಿಗಳು, ಸಂತರು, ಕುರುಬರು. ಒಂದು ಕಡೆ ಕೋಳಿಗೆ ಕಾಳು ಹಾಕುತ್ತಿರುವ ಹೆಂಗಸು. ಮುಕ್ತಿಯ ಮರದ ನೆರಳಲ್ಲಿ ಕೋಳಿಗೂ ಜಾಗ! ಬುಡದಲ್ಲಿ ನಾಲ್ಕು ತೊರೆ ಹುಟ್ಟಿ ಹರಿಯುತ್ತವೆ, ಎರಡು ಜಿಂಕೆಗಳು ಬಗ್ಗಿ ನೀರು ಕುಡಿಯುತ್ತಿವೆ. ಗಾಜಿನ ಚೂರುಗಳನ್ನು ಒಂದೇ ಸಮತಲದಲ್ಲಿ ಕೂರಿಸಿಲ್ಲ, ಬೇಕೆಂದೇ ತುಸು ವಾರೆಯಾಗಿಟ್ಟಿದ್ದಾರೆ. ನಾವು ಒಂದು ಹೆಜ್ಜೆ ಸರಿದರೆ ಸಾಕು, ಚಿನ್ನವೆಲ್ಲ ಅಲೆಯಂತೆ ಮಿನುಗುತ್ತದೆ.

ಈ ಚರ್ಚಿನ ಅಡಿಯಲ್ಲಿ ಇನ್ನೊಂದು ಚರ್ಚಿದೆ. 1857ರಲ್ಲಿ ಇಲ್ಲಿನ ಐರಿಷ್ ಪಾದ್ರಿ ಜೋಸೆಫ್ ಮುಲೂಲಿ ಅಗೆಸಲು ತೊಡಗಿದಾಗ ನಾಲ್ಕನೆಯ ಶತಮಾನದ ಹಳೆಯ ಬೆಸಿಲಿಕಾ ಹೊರಬಂತು. ಮೆಟ್ಟಿಲಿಳಿದರೆ ತಂಪು, ಮಣ್ಣಿನ ವಾಸನೆ, ಮಾಸಿದ ಭಿತ್ತಿಚಿತ್ರಗಳು. ಒಂದರಲ್ಲಿ ಸಿಸಿನಿಯಸ್ ಎಂಬ ಸಿಟ್ಟಿನ ಯಜಮಾನ ಸಂತ ಕ್ಲೆಮೆಂಟನನ್ನು ಎಳೆದೊಯ್ಯಲು ಆಳುಗಳಿಗೆ ಆಜ್ಞೆ ಮಾಡುತ್ತಿದ್ದಾನೆ. ಪವಾಡದಿಂದ ಕಣ್ಣು ಮಬ್ಬಾದ ಅವರು ಸಂತನೆಂದು ತಿಳಿದು ಎಳೆಯುತ್ತಿರುವುದು ಕಲ್ಲುಕಂಬವನ್ನು. ಅವರವರ ಮಾತನ್ನು ಅವರವರ ಪಕ್ಕದಲ್ಲೇ ಬರೆದಿದ್ದಾರೆ. ಸಂತನ ಮಾತು ಲ್ಯಾಟಿನ್. ಯಜಮಾನ ಆಳುಗಳನ್ನು ಬಯ್ಯುವುದು ಬೀದಿಯ ಆಡುಮಾತಿನಲ್ಲಿ, ಬೀದಿಯ ಬಯ್ಗುಳವನ್ನೂ ಸೇರಿಸಿ. ಇಟಲಿಯ ದೇಸಿ ನುಡಿ ಬರಹಕ್ಕಿಳಿದ ಅತಿ ಹಳೆಯ ಉದಾಹರಣೆಗಳಲ್ಲಿ ಇದೂ ಒಂದು. ಶ್ಲೋಕಕ್ಕೆ ಸಂಸ್ಕೃತ, ಹೊಲದ ಗಡಿ ಹೇಳಲು ಕನ್ನಡ ಎಂದು ಹಂಚಿಕೊಂಡ ನಮ್ಮ ಶಾಸನಗಳನ್ನು ಓದಿದ ಕಣ್ಣಿಗೆ ಆ ಗೋಡೆ ಬಹಳ ಹೊತ್ತಿನ ಓದಾಯಿತು.

ಇನ್ನೂ ಕೆಳಗೆ ಇಳಿಯಬಹುದು. ಅಲ್ಲಿ ಮೊದಲ ಶತಮಾನದ ರೋಮನ್ ಕಟ್ಟಡಗಳು, ಅವುಗಳ ನಡುವೆ ಒಬ್ಬರೇ ನಡೆಯಬಹುದಾದ ಓಣಿ, ಹೋರಿಯನ್ನು ಕೊಲ್ಲುವ ಮಿತ್ರಾಸ್ ದೇವರ ಗುಹೆಯಂಥ ಗುಡಿ. ಆ ಓಣಿಯಲ್ಲಿ ಹೆಜ್ಜೆ ಇಟ್ಟಾಗ ಎಲ್ಲಿಂದಲೋ ಸದ್ದು. ಒಳಗಿನ ಕೋಣೆಗಳನ್ನು ದಾಟಿದಂತೆ ಅದು ದೊಡ್ಡದಾಯಿತು. ಗೋಡೆಯ ಕಿಂಡಿಯೊಂದರಲ್ಲಿ ಬಗ್ಗಿದರೆ ಕತ್ತಲಲ್ಲಿ ನೀರು ರಭಸದಿಂದ ಹರಿಯುತ್ತಿತ್ತು. ಅಗೆದ ಬಳಿಕ ಕೆಳಗಿನ ಕೋಣೆಗಳೆಲ್ಲ ನೀರಲ್ಲಿ ಮುಳುಗಿದ್ದವಂತೆ. 1912ರಿಂದ ಎರಡು ವರ್ಷ ಸುರಂಗ ಕೊರೆದು ಅದನ್ನು ಪ್ರಾಚೀನ ರೋಮಿನ ಮಹಾಚರಂಡಿಗೆ ಕೂಡಿಸಿದ ಮೇಲೆಯೇ ಈ ನೆಲ ಕಾಲಿಗೆ ಸಿಕ್ಕಿದ್ದು. ಕಿಂಡಿಗೆ ಕಿವಿಗೊಟ್ಟು ನಿಂತೆ. ಎರಡು ಮಹಡಿ ಮೇಲೆ, ಚಿನ್ನದ ಬೆಳಕಿನಲ್ಲಿ, ಆ ಜಿಂಕೆಗಳು ಬಗ್ಗಿ ಕುಡಿಯುತ್ತಲೇ ಇದ್ದವು.

ಕೊನೆಯ ದಿನ ಮಳೆ. ಬೆಳಿಗ್ಗೆಯಿಂದ ಮುಗಿಲು ಕವಿದಿತ್ತು. ಹತ್ತು ಗಂಟೆಗೆ ಮೊದಲ ಗುಡುಗು ಕೇಳಿದಾಗ ಜನ ಕಾಫಿ ಅಂಗಡಿಗಳಿಗೆ ಓಡಿದರು, ನಾನು ಪ್ಯಾಂಥಿಯನ್‌ಗೆ ಓಡಿದೆ. ಈ ಹೊತ್ತಿಗಾಗಿಯೇ ಅದನ್ನು ಉಳಿಸಿಕೊಂಡಿದ್ದೆ. ಅದರ ಹಣೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಇರುವುದು ಅಗ್ರಿಪ್ಪನ ಹೆಸರು. ಇಲ್ಲಿ ಮೊದಲ ಗುಡಿ ಕಟ್ಟಿಸಿದವನು ಅವನೇ. ಅದು ಸುಟ್ಟುಹೋಗಿ, ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಇಂದಿನ ಕಟ್ಟಡ ಪೂರ್ಣವಾದಾಗಲೂ ಹಳೆಯ ಹೆಸರನ್ನೇ ಉಳಿಸಿದರು. ಅಗ್ರಿಪ್ಪ ವಿರ್ಗೋ ಕಾಲುವೆಯನ್ನು ತಂದದ್ದು ಇದರ ಹಿಂಬದಿಯಲ್ಲಿದ್ದ ತನ್ನ ಸ್ನಾನಗೃಹಗಳಿಗಾಗಿ. ವಾರವಿಡೀ ಹಿಂಬಾಲಿಸಿದ ನೀರು ನನ್ನನ್ನು ಅದರ ಯಜಮಾನನ ಬಾಗಿಲಿಗೆ ತಂದು ನಿಲ್ಲಿಸಿತ್ತು.

ಈಜಿಪ್ಟಿನಿಂದ ತಂದ ಹದಿನಾರು ಗ್ರಾನೈಟ್ ಕಂಬಗಳ ನಡುವೆ ಹಾದು ಒಳಗೆ ಕಾಲಿಟ್ಟೆ. ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ನೆತ್ತಿಗೂ ಅಷ್ಟೇ. ಒಂದು ದೊಡ್ಡ ಚೆಂಡು ಒಳಗೆ ಸರಿಯಾಗಿ ಕೂರುತ್ತದೆ. ಕಬ್ಬಿಣದ ಸರಳಿಲ್ಲದ ಕಾಂಕ್ರೀಟು. ಬುಡದಲ್ಲಿ ಭಾರದ ಕಲ್ಲಿನ ಜಲ್ಲಿ, ಮೇಲೇರಿದಂತೆ ಹಗುರ, ನೆತ್ತಿಯ ಬಳಿ ನೀರಲ್ಲಿ ತೇಲುವಂಥ ಪ್ಯೂಮಿಸ್. ನಟ್ಟನಡುವೆ ಸುಮಾರು ಒಂಬತ್ತು ಮೀಟರ್ ಅಗಲದ ಬಟ್ಟಬಯಲ ಕಣ್ಣು. ಅದಕ್ಕೆ ಗಾಜಿಲ್ಲ, ಮುಚ್ಚಳವಿಲ್ಲ. ಬೇರೆ ದಿನಗಳಲ್ಲಿ ಅದರಿಂದ ಬಿಸಿಲಿನ ಬಿಲ್ಲೆ ಇಳಿದು ಗೋಡೆಯ ಮೇಲೆ ಗಡಿಯಾರದಂತೆ ಸರಿಯುತ್ತದೆ. ಪೆಂಟೆಕೋಸ್ಟ್ ಹಬ್ಬದಂದು ಅಗ್ನಿಶಾಮಕ ದಳದವರು ಮೇಲೆ ಹತ್ತಿ ಕೆಂಪು ಗುಲಾಬಿಯ ಪಕಳೆಗಳನ್ನು ಸುರಿಯುತ್ತಾರೆ. ಅಂದು ಮಳೆ ಸುರಿಯುತ್ತಿತ್ತು.

ಸುರಿಯುತ್ತಿತ್ತು ಎಂದರೆ ಸಾಲದು. ಮೇಲೆ ಬೂದು ಬಣ್ಣದ ವೃತ್ತ. ಅದರಿಂದ ಹೊರಟ ಮಳೆ ಇಳಿಯುತ್ತ ಇಳಿಯುತ್ತ ಬೆಳಕನ್ನು ಹೀರಿ ಬೆಳ್ಳಗಾಗಿ, ನೂಲಿನ ಕಂಬದಂತೆ ಕಟ್ಟಡದ ನಡುವೆ ನಿಂತಿತ್ತು. ಸುತ್ತಲಿನ ಗೋಡೆ, ಬಣ್ಣದ ಅಮೃತಶಿಲೆ, ಚಿತ್ರಕಾರ ರಾಫೆಲ್ ಮಲಗಿರುವ ಗೂಡು ಎಲ್ಲ ಒಣಗಿಯೇ ಇದ್ದವು. ನಡುವಿನ ನೆಲ ಮಾತ್ರ ಕನ್ನಡಿಯಾಗಿತ್ತು. ಹಗ್ಗ ಕಟ್ಟಿ ಜನರನ್ನು ತಡೆದಿದ್ದರು. ನೂರಾರು ಮಂದಿ ಸುತ್ತ ನಿಂತಿದ್ದೆವು. ಯಾರೂ ಹೇಳದೆಯೇ ಮಾತು ನಿಂತಿತ್ತು. ನೆಲ ನಡುವೆ ಗೊತ್ತಾಗದಷ್ಟು ಉಬ್ಬಿದೆ; ನೀರು ಅಂಚಿನತ್ತ ಜಾರಿ, ಅಮೃತಶಿಲೆಯಲ್ಲಿ ಕೊರೆದ 22 ಸಣ್ಣ ರಂಧ್ರಗಳಿಗೆ ಇಳಿಯುತ್ತದೆ. ನನ್ನ ಕಾಲಿನ ಹತ್ತಿರವೇ ಒಂದಿತ್ತು. ನೀರು ಅದರ ಬಾಯಲ್ಲಿ ಚಿಕ್ಕ ಸುಳಿ ಹಾಕಿ, ಗುಳಕ್ಕೆಂದು ಒಳಗೆ ಹೋಗುತ್ತಿತ್ತು.

ಇಪ್ಪತ್ತು ನಿಮಿಷಕ್ಕೆ ಮಳೆ ನಿಂತಿತು. ಬೂದು ವೃತ್ತದಲ್ಲಿ ನೀಲಿಯ ಚೂರು ಕಾಣಿಸಿತು. ಜನ ಬಾಗಿಲ ಕಡೆ ಸರಿದರು, ಮಾತು ಮತ್ತೆ ಶುರುವಾಯಿತು. ಆದರೆ ಮೇಲಿನ ಕಣ್ಣಿನ ಅಂಚಿನಲ್ಲಿ ಇನ್ನೂ ನೀರಿತ್ತು. ಒಂದು ಹನಿ ಅಲ್ಲಿ ತುಂಬಿಕೊಂಡು, ಹೊಳೆದು, ಕಳಚಿಕೊಂಡಿತು. ಅಷ್ಟು ಎತ್ತರದಿಂದ ಬೀಳುವ ಹನಿ ನೆಲ ಮುಟ್ಟಲು ಕೆಲವು ಕ್ಷಣ ಬೇಕು. ಕಳಚಿದ್ದು ಕಾಣುತ್ತದೆ, ನಡುವೆ ಎಲ್ಲೋ ಕಳೆದುಹೋಗುತ್ತದೆ, ಆಮೇಲೆ ಸದ್ದು ಬರುತ್ತದೆ, ಆ ಸದ್ದನ್ನು ಗುಮ್ಮಟ ಎತ್ತಿಕೊಂಡು ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತದೆ. ನಾನು ಕತ್ತೆತ್ತಿಕೊಂಡು ಮುಂದಿನ ಹನಿಗೆ ಕಾದೆ.